ಸರಪಳಿ ಹಿಡಿದವರ ಬಿಡಾರ

ಶ್ರೀರಂಗಪಟ್ಟಣದ ಕೊನೆಯ ಯುದ್ಧದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೋಟೆ ಒಡೆದ ಜಾಗ ಇದು, ಟಿಪ್ಪು ಬಿದ್ದ ಜಾಗ ಅದು ಎಂದು ಶಾಲೆಯ ಹುಡುಗರೂ ತೋರಿಸಿಬಿಡುತ್ತಾರೆ. ಅದೇ ಯುದ್ಧದ ಒಂದು ಸಣ್ಣ ಸಂಗತಿಯನ್ನು ಮಾತ್ರ ಯಾರೂ ಹೇಳುವುದಿಲ್ಲ. 1799ರ ಏಪ್ರಿಲ್ ತಿಂಗಳ ಒಂದು ರಾತ್ರಿ ಜನರಲ್ ಬೇರ್ಡ್ ತನ್ನ ಪಡೆಯನ್ನು ಸುಲ್ತಾನ್‌ಪೇಟೆಯ ತೋಪಿನವರೆಗೆ ನಡೆಸಿಕೊಂಡು ಹೋಗಿ ಹಿಂದಕ್ಕೆ ಹೊರಟಿದ್ದ. ಕತ್ತಲೆ. ಜತೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಮೌನಿ ಅಧಿಕಾರಿ. ಅವನು ತಲೆಯೆತ್ತಿ ನಕ್ಷತ್ರ ನೋಡಿದ. ಸಪ್ತರ್ಷಿ ಮಂಡಲ ಇರಬೇಕಾದ ಕಡೆ ಇರಲಿಲ್ಲ. ದಕ್ಷಿಣಕ್ಕೆ ಹೋಗಬೇಕಾದ ಪಡೆ ಉತ್ತರಕ್ಕೆ, ನೇರವಾಗಿ ಟಿಪ್ಪುವಿನ ಸೈನ್ಯದ ಬಾಯಿಗೆ ಹೋಗುತ್ತಿತ್ತು. ಹೇಳಿದರೆ ಬೇರ್ಡ್ ಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ಕಡೆಗೆ ದಿಕ್ಸೂಚಿ ತೆಗೆದು ನೋಡಿದಾಗ ನಕ್ಷತ್ರ ನೋಡಿದವನ ಮಾತೇ ನಿಜವಾಗಿತ್ತು.

ಮೇ 4ರಂದು ಪಟ್ಟಣ ಬಿತ್ತು. ಆಮೇಲೆ ನಮ್ಮ ಸೀಮೆಯಲ್ಲಿ ಯುದ್ಧದ ಡೇರೆಗಳು ಎದ್ದುಹೋಗಿ ಅಳತೆಯ ಡೇರೆಗಳು ಬಂದವು. ಲ್ಯಾಂಬ್ಟನ್ ಇಡೀ ದಕ್ಷಿಣ ದೇಶವನ್ನು ಸಮುದ್ರದಿಂದ ಸಮುದ್ರಕ್ಕೆ ತ್ರಿಕೋನ ಹಾಕಿ ಅಳೆಯುವ ಯೋಜನೆ ಮಂಡಿಸಿದ. ಕೋಟೆಯ ಮುತ್ತಿಗೆಯಲ್ಲಿ ಇಂಜಿನಿಯರಾಗಿದ್ದ ಕಾಲಿನ್ ಮೆಕೆಂಜಿಗೆ ಮೈಸೂರು ಸೀಮೆಯ ಸರ್ವೆ ಮಾಡು ಎಂದು ಹುಕುಂ ಆಯಿತು. ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರು 1800ರ ಏಪ್ರಿಲ್ 23ರಂದು ಮದರಾಸು ಬಿಟ್ಟು, ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ನಾಗಮಂಗಲ, ಮೇಲುಕೋಟೆ, ತೊಣ್ಣೂರು ದಾಟಿ ಪಟ್ಟಣಕ್ಕೆ ಬಂದ. ಒಂದೇ ವರ್ಷದಲ್ಲಿ ಮೂರು ಬಿಡಾರ. ಆಗ ಕೆ.ಆರ್. ಪೇಟೆ ಅತ್ತಿಕುಪ್ಪೆ, ಪಾಂಡವಪುರ ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಕೆಲಸದಲ್ಲಿದ್ದ ಫ್ರೆಂಚರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್ ಆಗಿ, ನಕ್ಷೆಯಲ್ಲೂ ಹಾಗೇ ಕೂತುಬಿಟ್ಟಿತು.

ವಿಜ್ಞಾನದ ಬಿಡಾರ ಎಂದರೆ ಓದುಗರಿಗೆ ನೆನಪಾಗುವುದು ಧ್ರುವಪ್ರದೇಶ. 1937ರ ಮೇ ತಿಂಗಳಲ್ಲಿ ರಷ್ಯದ ನಾಲ್ಕು ಜನ ಉತ್ತರ ಧ್ರುವದ ಹತ್ತಿರ ತೇಲುವ ಹಿಮದ ಹಲಗೆಯ ಮೇಲೆ ಡೇರೆ ಹಾಕಿಕೊಂಡು 274 ದಿನ ಬದುಕಿದರು. ಮುಖ್ಯಸ್ಥ ಪಾಪಾನಿನ್‌ನೇ ಅಡುಗೆಯವನು. ಒಬ್ಬ ಸಮುದ್ರದ ಆಳ ನೋಡುತ್ತಿದ್ದ, ಒಬ್ಬ ನಕ್ಷತ್ರ ಮತ್ತು ಭೂಕಾಂತ ನೋಡುತ್ತಿದ್ದ, ಒಬ್ಬ ರೇಡಿಯೋ ಬಡಿಯುತ್ತಿದ್ದ. ಜತೆಗೊಂದು ನಾಯಿ. ಕೆಳಗಿನ ಹಿಮ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಸರಿದು, ಬಿರಿದು ಬಿರಿದು, 1938ರ ಫೆಬ್ರವರಿಯಲ್ಲಿ ಹಡಗು ಬರುವ ಹೊತ್ತಿಗೆ ಒಂದು ಕಣದಷ್ಟು ಉಳಿದಿತ್ತು. ಆ ಕಥೆ ಓದುವಾಗ ನನಗೆ ಹಿಡಿಸುವುದು ಅವರ ಶೋಧಕ್ಕಿಂತ ಅವರ ದಿನಚರಿ: ಸೀಮೆಎಣ್ಣೆ ದೀಪ, ಒದ್ದೆ ಬಟ್ಟೆ, ಹೊತ್ತು ಹೊತ್ತಿಗೆ ಓದಿ ಬರೆದಿಡಬೇಕಾದ ಅಂಕಿಗಳು. ಅಂಥ ದಿನಚರಿಯೇ 1800ರಲ್ಲಿ ನಮ್ಮ ರಾಗಿ ಹೊಲಗಳ ನಡುವೆಯೂ ನಡೆಯಿತು. ನಮ್ಮಲ್ಲಿ ನೆಲ ಗಟ್ಟಿಯಾಗಿತ್ತು, ಡೇರೆಯನ್ನೇ ಕಿತ್ತು ಬೆಟ್ಟದಿಂದ ಬೆಟ್ಟಕ್ಕೆ ಸರಿಸುತ್ತಿದ್ದರು.

ಮೊದಲು ಸರಪಳಿಯ ಮಾತು. ಲ್ಯಾಂಬ್ಟನ್ನನ ಉಕ್ಕಿನ ಸರಪಳಿ ನೂರು ಅಡಿ ಉದ್ದದ್ದು, ಎರಡೂವರೆ ಅಡಿಯ ನಲವತ್ತು ಕೊಂಡಿ. ಇದನ್ನು ಇಂಗ್ಲೆಂಡಿನ ರಾಯಭಾರಿ ಮೆಕಾರ್ಟ್ನಿ 1793ರಲ್ಲಿ ಚೀನಾದ ಚಕ್ರವರ್ತಿಗೆ ಕಾಣಿಕೆಯೆಂದು ಒಯ್ದಿದ್ದ, ಚಕ್ರವರ್ತಿಗೆ ಬೇಡವಾಯಿತು. ಅಲ್ಲಿಂದ ಕಲ್ಕತ್ತೆಗೆ ಬಂದು, ಕೈ ಬದಲಾಗಿ, ಬೆಂಗಳೂರಿನ ಹೊಲಕ್ಕೆ ಬಂತು. 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅಗರದಿಂದ ಬಾಣಸವಾಡಿ ಕಡೆಗೆ ಸುಮಾರು ಏಳೂವರೆ ಮೈಲಿ ನೆಲದ ಮೇಲೆ ಇದನ್ನು ಹಾಸಿ ಎತ್ತಿ, ಹಾಸಿ ಎತ್ತಿ ಅಳೆದರು. ಲೆಕ್ಕ ಹಾಕಿದರೆ ಸುಮಾರು 390 ಸಲ. ಸುಮ್ಮನೆ ನೆಲದ ಮೇಲೆ ಎಳೆಯುವ ಹಾಗಿಲ್ಲ. ಮರದ ಉದ್ದನೆಯ ದೋಣಿಗಳನ್ನು ಮುಕ್ಕಾಲಿಗಳ ಮೇಲಿಟ್ಟು, ಮಟ್ಟ ಮಾಡಿ, ಅದರೊಳಗೆ ಸರಪಳಿ ಮಲಗಿಸಬೇಕು. ಬಿಸಿಲು ಬೀಳದಂತೆ ಮರೆ ಮಾಡಬೇಕು. ಪಕ್ಕದಲ್ಲಿ ಉಷ್ಣಮಾಪಕ. ಯಾಕೆಂದರೆ ಬೆಳಗಿನ ಚಳಿಗಿಂತ ಮಧ್ಯಾಹ್ನದ ಶಾಖ ಇಪ್ಪತ್ತು ಡಿಗ್ರಿ ಏರಿದರೆ ಆ ಸರಪಳಿ ಏಳು ಮಿಲಿಮೀಟರ್ ಬೆಳೆಯುತ್ತದೆ. ಒಂದು ಸಲಕ್ಕೆ ಅಷ್ಟೇನಲ್ಲ. 390 ಸಲಕ್ಕೆ ಒಂಬತ್ತು ಅಡಿ ಆಗಿಬಿಡುತ್ತದೆ. ಆ ಒಂದು ಗೆರೆ ಕೆಟ್ಟರೆ ಅದರ ಮೇಲೆ ಕಟ್ಟಿದ ತ್ರಿಕೋನವೆಲ್ಲ ಕೆಟ್ಟಂತೆ. ದೋಣಿ ಹೊತ್ತವನು ಎಡವಬಾರದು, ಗೂಟ ಹಿಡಿದವನು ಕೆಮ್ಮಬಾರದು. ತ್ರಿಕೋನಮಿತಿ ಗೊತ್ತಿದ್ದವನು ಬಿಡಾರದಲ್ಲಿ ಒಬ್ಬಿಬ್ಬರು. ಮಿಕ್ಕ ಶಾಸ್ತ್ರವೆಲ್ಲ ಖಲಾಸಿಗಳ ಹೆಗಲಿನಲ್ಲಿತ್ತು ಎಂದರೆ ತಪ್ಪಾಗದು.

ಗೆರೆ ಆದ ಮೇಲೆ ಬೆಟ್ಟ. ಸಾವನದುರ್ಗ, ಬೆಟ್ಟದಪುರ, ತಡಿಯಂಡಮೋಳ್ ಎಂದು ಲ್ಯಾಂಬ್ಟನ್ನನ ತ್ರಿಕೋನಗಳು ಪಶ್ಚಿಮ ಸಮುದ್ರದತ್ತ ಹೋದವು. 1802ರಲ್ಲಿ ಅವನಿಗೆ ಸಿಕ್ಕಿದ ದೊಡ್ಡ ಥಿಯೋಡೊಲೈಟ್ ಅರ್ಧ ಟನ್ ತೂಕದ್ದು. ಅದನ್ನು ಬಿಡಿ ಬಿಡಿಯಾಗಿ ಹೊತ್ತು ಬಂಡೆ ಏರಬೇಕು. ಒಂದು ಬೆಟ್ಟದ ತುದಿಯಲ್ಲಿ ಯಂತ್ರ, ಹತ್ತಾರು ಮೈಲಿ ದೂರದ ಇನ್ನೊಂದು ಬೆಟ್ಟದಲ್ಲಿ ಬಾವುಟ. ಬಾವುಟದವನು ಅಲ್ಲಿ ಕಾಯುತ್ತಲೇ ಇರಬೇಕು. ಮೋಡ ಮುಚ್ಚಿದರೆ ನಾಳೆ. ನಾಳೆಯೂ ಮುಚ್ಚಿದರೆ ನಾಡಿದ್ದು. ನಾಗಮಂಗಲದ ಕೋಟೆಬೆಟ್ಟ ಹತ್ತಿದವರಿಗೆ, ಅಥವಾ ಮೇಲುಕೋಟೆಯ ನರಸಿಂಹಸ್ವಾಮಿ ಬೆಟ್ಟದ ಮೇಲೆ ನಿಂತವರಿಗೆ ಇದು ಅರ್ಥವಾಗುತ್ತದೆ. ಬೇಸಿಗೆಯ ಹಗಲಿನಲ್ಲಿ ದೂರದ್ದೆಲ್ಲ ಬಿಸಿಲಿನ ಝಳಕ್ಕೆ ಅಲುಗಾಡುತ್ತದೆ. ಒಂದು ಮಳೆ ಬಿದ್ದು ಹೊಳವಾದರೆ ಕುಂತಿಬೆಟ್ಟ, ಕರಿಘಟ್ಟ, ಚಾಮುಂಡಿ ಬೆಟ್ಟ ಎಲ್ಲ ಕೈಗೆ ಎಟಕುವಂತೆ ನಿಲ್ಲುತ್ತವೆ. ಸರ್ವೆಯವರಿಗೆ ಬೇಕಾದ್ದು ಇದೇ ಹೊತ್ತು. ಆದ್ದರಿಂದ ಎಲ್ಲರೂ ಸೂರಿನಡಿ ಸೇರುವ ಮಳೆಗಾಲದಲ್ಲೂ ಅದರ ಹಿಂದೆಯೂ ಇವರು ಬಯಲಲ್ಲಿ ಇರುತ್ತಿದ್ದರು. ಸೊಳ್ಳೆಯ ಕಾಲವೂ ಅದೇ.

ಸೊಳ್ಳೆಯೇ ಕಾರಣವೆಂದು ಅವರಿಗೆ ಗೊತ್ತಿರಲಿಲ್ಲ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅದನ್ನು ಕಂಡುಹಿಡಿದದ್ದು 1897ರಲ್ಲಿ. ಇವರು ಕಾಡಿನ ಗಾಳಿ, ಜೌಗಿನ ಆವಿ ಎಂದುಕೊಂಡಿದ್ದರು. ಪಟ್ಟಣದ ಜ್ವರ ಎಷ್ಟು ಕೆಟ್ಟದ್ದೆಂದರೆ ಗೆದ್ದ ಇಂಗ್ಲಿಷರೇ ಹತ್ತು ಹನ್ನೆರಡು ವರ್ಷದಲ್ಲಿ ದಂಡಿನ ಮುಖ್ಯ ಠಾಣೆಯನ್ನು ಬೆಂಗಳೂರಿಗೆ ಎತ್ತಿಕೊಂಡು ಹೋದರು. ಮೆಕೆಂಜಿಯ ಬಿಡಾರಕ್ಕೆ ಡಾಕ್ಟರಾಗಿ, ಗಿಡಮರ ಕಲ್ಲು ನೋಡುವವನಾಗಿ ಜಾನ್ ಲೇಡನ್ ಎಂಬ ಸ್ಕಾಟ್ಲೆಂಡಿನ ಕವಿ 1804ರಲ್ಲಿ ಸೇರಿಕೊಂಡ. ಕಾದಂಬರಿಕಾರ ವಾಲ್ಟರ್ ಸ್ಕಾಟನ ಗೆಳೆಯ, ಭಾಷೆ ಕಲಿಯುವ ಹುಚ್ಚಿನವನು. ಅವನೇ ಕಾಯಿಲೆ ಬಿದ್ದು ಶ್ರೀರಂಗಪಟ್ಟಣದಲ್ಲಿ ತಿಂಗಳುಗಟ್ಟಲೆ ಮಲಗಿದ. ಲೇಡನ್ನನ ಕಾಯಿಲೆ ಪುಸ್ತಕಗಳಲ್ಲಿದೆ. ಖಲಾಸಿಯ ಜ್ವರ ಪುಸ್ತಕದಲ್ಲಿ ಬಂದರೆ ಅಂಕಿಯಾಗಿ ಬರುತ್ತದೆ: ಕೃಷ್ಣಾ ಗೋದಾವರಿ ನಡುವಿನ ಕಾಡಿನಲ್ಲಿ ಲ್ಯಾಂಬ್ಟನ್ನನ ಸಹಾಯಕ ಎವರೆಸ್ಟ್ ಕರೆದುಕೊಂಡು ಹೋದ ತಂಡದಲ್ಲಿ ಸುಮಾರು 150 ಜನ ಮಲಗಿದರು, 15 ಜನ ಸತ್ತರು. ಜಗತ್ತಿನ ಎತ್ತರದ ಶಿಖರಕ್ಕೆ ಹೆಸರು ಕೊಟ್ಟದ್ದು ಇವನದೇ. ಆ ಹದಿನೈದು ಜನಕ್ಕೆ ಒಂದು ಗುಡ್ಡವಾದರೂ ಬೇಡವಾಗಿತ್ತೆ ಎಂದು ಕೇಳಬೇಕೆನಿಸುತ್ತದೆ.

ಬಿಡಾರದಲ್ಲಿ ಹುಡುಗರೂ ಇದ್ದರು. ಮದರಾಸಿನಲ್ಲಿ 1794ರಲ್ಲಿ ಸರ್ವೆ ಶಾಲೆ ಶುರುವಾಗಿತ್ತು. ಇಂಗ್ಲಿಷ್ ಸೈನಿಕರಿಗೆ ನಮ್ಮ ಹೆಂಗಸರಲ್ಲಿ ಹುಟ್ಟಿ ಅನಾಥಾಲಯ ಸೇರಿದ ಹುಡುಗರನ್ನು ಅಲ್ಲಿ ತರಬೇತು ಮಾಡಿ, ಮೀಸೆ ಮೂಡುವ ಮೊದಲೇ ಬಯಲಿಗೆ ಕಳಿಸುತ್ತಿದ್ದರು. ಮೆಕೆಂಜಿಯ ನಕ್ಷೆಗಳಲ್ಲಿ ಕಾಣುವ ಹಳ್ಳ, ಕೆರೆ, ಕಾಲುದಾರಿಗಳ ಬಹುಪಾಲು ಇವರ ಕಾಲಿನಿಂದ ಬಂದದ್ದು.

ನಮ್ಮ ಜನ ಇವರನ್ನು ಹೇಗೆ ಕಂಡರು? ಬಿಳಿ ಡೇರೆ ಎಂದರೆ ನಮ್ಮ ಹಳ್ಳಿಗಳಿಗೆ ಒಂದೇ ಅರ್ಥ. 1791ರಲ್ಲಿ ಕಾರ್ನ್‌ವಾಲಿಸ್ ಬಂದು, ಮೇವಿಲ್ಲದೆ ಎತ್ತು ಸತ್ತು, ಕಣ್ಣಂಬಾಡಿಯಲ್ಲಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ್ದ. ಮರಾಠರ ದಂಡು ಅವನನ್ನು ಕೂಡಿಕೊಂಡದ್ದು ಮೇಲುಕೋಟೆಯ ಹತ್ತಿರ. ಶತ್ರುವಿಗೆ ಹುಲ್ಲುಕಡ್ಡಿ ಸಿಗಬಾರದೆಂದು ಟಿಪ್ಪುವಿನ ಕುದುರೆಯವರೇ ಹಳ್ಳಿ ಸುಟ್ಟದ್ದೂ ಉಂಟು. ಇಷ್ಟೆಲ್ಲ ಕಂಡ ಜನ ಎಂಟು ಹತ್ತು ವರ್ಷದಲ್ಲಿ ಮತ್ತೆ ಡೇರೆ ಕಂಡರೆ ಕಾಳನ್ನು ಹಗೇವಿನಲ್ಲಿ ಮುಚ್ಚಿಡದೆ ಇನ್ನೇನು ಮಾಡಿಯಾರು? ಬಂದವರು ಕೇಳಿದ್ದೂ ಅಂಥವೇ ಪ್ರಶ್ನೆ. ಈ ಊರಲ್ಲಿ ಮನೆ ಎಷ್ಟು, ಬಾವಿ ಎಷ್ಟು, ಕೆರೆಗೆ ನೀರುಂಟೆ. ಬುಕಾನನ್ನನಂತೂ ಒಂದು ಹೊಲಕ್ಕೆ ಎಷ್ಟು ಬಿತ್ತನೆ, ಎಷ್ಟು ಉಳುಮೆ, ಎಷ್ಟು ಫಲ ಎಂದು ಬಿಡದೆ ಕೇಳುವವನು. ಮನೆ ಎಣಿಸುವವನು ನಾಳೆ ಕಂದಾಯ ಹಾಕುವವನೆಂದು ತಿಳಿಯಲು ರೈತನಿಗೆ ತ್ರಿಕೋನಮಿತಿ ಬೇಕಿಲ್ಲ. ದಿವಾನ್ ಪೂರ್ಣಯ್ಯನವರಿಗೂ ಈ ಸರ್ವೆ ಅಷ್ಟಾಗಿ ರುಚಿಸಿರಲಾರದು. ತಮ್ಮ ಸೀಮೆಯ ಗುಟ್ಟನ್ನೆಲ್ಲ ಪರರ ಕಾಗದದ ಮೇಲೆ ಬರೆಸುವುದು ಯಾವ ದಿವಾನನಿಗೆ ಹಿತ? ಇದರ ಮೇಲೆ ದುರ್ಬೀನಿನ ಕಥೆ ಬೇರೆ. ಆ ಕಾಲದ ಯಂತ್ರಗಳಲ್ಲಿ ಕಂಡದ್ದೆಲ್ಲ ತಲೆಕೆಳಗು. ದೊರೆ ನಮ್ಮ ಹೆಣ್ಣುಮಕ್ಕಳನ್ನು ತಲೆಕೆಳಗಾಗಿ ನೋಡುತ್ತಾನೆಂಬ ಸುದ್ದಿ ಸರ್ವೆ ಹೋದ ಕಡೆಯೆಲ್ಲ ಹಬ್ಬುತ್ತಿತ್ತು.

ಆದರೂ ಮೆಕೆಂಜಿಯ ಬಿಡಾರಕ್ಕೆ ಊರಿನ ಬಾಗಿಲು ತೆರೆಯಿತು. ಕೀಲಿ ಹಿಡಿದವರು ಅವನ ಪಂಡಿತರು. ಅವನಿಗೆ ಕನ್ನಡ ಬಾರದು. ಕಾವಲಿ ವೆಂಕಟ ಬೋರಯ್ಯ ಎಂಬ ತೆಲುಗು ಬ್ರಾಹ್ಮಣ ಯುವಕ ಅವನ ಕಿವಿ, ಬಾಯಿ ಎರಡೂ ಆಗಿದ್ದ. ಅರ್ಚಕ, ಶಾನುಭೋಗ, ಜಂಗಮ, ಜೈನ ಗುರುಗಳ ಜಗಲಿಯಲ್ಲಿ ಕೂತು ಮಾತು ಎತ್ತಿ, ಕಡತ ಬಿಚ್ಚಿಸಿ, ಶಾಸನ ಪ್ರತಿಮಾಡಿಸುವುದು ಅವನ ಕೆಲಸ. 1803ರಲ್ಲಿ, ಇನ್ನೂ ಎಳೆ ವಯಸ್ಸಿನಲ್ಲೇ, ಅವನು ತೀರಿಕೊಂಡ. ತಮ್ಮ ಲಕ್ಷ್ಮಯ್ಯ ಆ ಜಾಗಕ್ಕೆ ಬಂದ. ಹಳಗನ್ನಡ ಓದಲು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಇದ್ದ. ಹೀಗೆ ಹಗಲು ಕೋನ ಅಳೆಯುವ ಡೇರೆಯೇ ಸಂಜೆಗೆ ಪುರಾಣದ ಕಟ್ಟೆಯೂ ಆಯಿತು. ಊರೂರಿನ ಕೈಫಿಯತ್ತುಗಳು ಬರೆಯಿಸಿಕೊಂಡದ್ದು ಈ ಪದ್ಧತಿಯಿಂದ. ಎಂ. ಎಂ. ಕಲಬುರ್ಗಿಯವರು ಅವನ್ನು ಸಂಪಾದಿಸಿ ಕನ್ನಡದಲ್ಲಿ ಅಚ್ಚು ಹಾಕಿಸುವ ಹೊತ್ತಿಗೆ ಸುಮಾರು ಇನ್ನೂರು ವರ್ಷ ಕಳೆದಿತ್ತು.

1816ರಲ್ಲಿ ಥಾಮಸ್ ಹಿಕ್ಕಿ ಬರೆದ ಒಂದು ಚಿತ್ರವಿದೆ. ಕೆಂಪು ಕೋಟಿನ ಮೆಕೆಂಜಿ, ಸುತ್ತ ಅವನ ಪಂಡಿತರು, ಒಬ್ಬ ಪೇದೆ. ಹಿಂದೆ ಗುಡ್ಡದ ಮೇಲೆ ಗೊಮ್ಮಟ, ಸರ್ವೆಯ ಗುರುತಿನ ಕಂಬ. ದೂರದರ್ಶಕ ಇರುವುದು ಪೇದೆಯ ಕೈಯಲ್ಲಿ. ಅವನ ಹೆಸರು ಕಿಷ್ಟ್ನಾಜಿ ಎಂದು ದಾಖಲೆಯಾಗಿದೆ, ಎಂದರೆ ನಮ್ಮ ಕೃಷ್ಣಾಜಿ. ಇಡೀ ಸರ್ವೆಯಲ್ಲಿ ಯಂತ್ರ ಹೊತ್ತವರ ಪೈಕಿ ಮುಖ ಉಳಿದಿರುವುದು ಅವನೊಬ್ಬನದು ಎಂದರೂ ನಡೆಯುತ್ತದೆ.

ಬಿಡಾರದೊಳಗೆ ಹೋಗಿ ಬಂದ ಕನ್ನಡಿಗನೊಬ್ಬ ಮಾತ್ರ ತಾನೇ ಬರೆದಿಟ್ಟಿದ್ದಾನೆ. ಕನಕಗಿರಿಯ, ಅಂದರೆ ಅದೇ ಮಲೆಯೂರಿನ, ದೇವಚಂದ್ರ. 1804ರಲ್ಲಿ ಮೆಕೆಂಜಿ ಲಕ್ಷ್ಮಯ್ಯನೊಡನೆ ಅಲ್ಲಿಗೆ ಬಂದು ಸ್ಥಳಪುರಾಣ ಕೇಳಿದ. ದೇವಚಂದ್ರ ತನ್ನಲ್ಲಿದ್ದುದನ್ನು ತೋರಿಸಿದ. ಇವನು ಬಲ್ಲವನೆಂದು ಮೆಕೆಂಜಿ ಜತೆಗೆ ಕರೆದುಕೊಂಡು ಹೋದ. ಸುಮಾರು ಎರಡು ತಿಂಗಳು ಬಿಡಾರದ ಸಂಗಡ ತಿರುಗುತ್ತಾ ದೇವಚಂದ್ರ ಹಳೆಯ ಕಥೆಗಳನ್ನು ಹೇಳಿದ. ಇದನ್ನೆಲ್ಲ ಬರೆದು ಕೊಡು ಎಂದು ಹೇಳಿ ಮೆಕೆಂಜಿ ಖರ್ಚಿಗೆ ಇಪ್ಪತ್ತೈದು ರೂಪಾಯಿ ಕೊಟ್ಟ.

ಮೈಸೂರು ಸರ್ವೆ 1808ರ ಹೊತ್ತಿಗೆ ಮುಗಿಯಿತು. ಸುಮಾರು ನಲವತ್ತು ಸಾವಿರ ಚದರ ಮೈಲಿ, ಏಳು ದೊಡ್ಡ ಸಂಪುಟ, ನಕ್ಷೆಗಳು. ಲ್ಯಾಂಬ್ಟನ್ನನ ತ್ರಿಕೋನಗಳು ಮದರಾಸಿನಿಂದ ಮಂಗಳೂರಿಗೆ 360 ಮೈಲಿ ಎಂದು ತೋರಿಸಿದವು. ಹಳೆಯ ನಕ್ಷೆಗಳು ನಲವತ್ತು ಮೈಲಿ ಹೆಚ್ಚಾಗಿ ಬರೆದಿದ್ದವು. ಮೆಕೆಂಜಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ 1821ರಲ್ಲಿ ಕಲ್ಕತ್ತೆಯ ಬಳಿ ಸತ್ತ. ಅವನ ಕಾಗದಗಳನ್ನು ಸರ್ಕಾರ ಹೆಂಡತಿಯಿಂದ ಹತ್ತು ಸಾವಿರ ಪೌಂಡು ಕೊಟ್ಟು ಕೊಂಡಿತು. ದೇವಚಂದ್ರ ಮಲೆಯೂರಿನಲ್ಲಿ ಬರೆಯುತ್ತಲೇ ಇದ್ದ. ರಾಜಾವಳಿ ಕಥೆ ಮುಗಿದದ್ದು 1838ರಲ್ಲಿ. ಕೇಳಿದವನು ಹೋಗಿ ಆಗಲೇ ಹದಿನೇಳು ವರ್ಷವಾಗಿತ್ತು.