ಮೆರವಣಿಗೆಯ ಮುಂದಿನ ಗಂಟೆ



ನಮ್ಮ ಮನೆತನಗಳ ಮದುವೆಯ ಮೆರವಣಿಗೆಗಳಲ್ಲಿ, ಅಂತ್ಯಯಾತ್ರೆಗಳಲ್ಲಿ ಹಿತ್ತಾಳೆಯ ಗಂಟೆ-ಬಟ್ಟಲು ಹಿಡಿದು ಚಲವಾದಿಯು ಮುಂದೆ ನಡೆಯುತ್ತಿದ್ದುದನ್ನು ತಮ್ಮಲ್ಲಿ ಹಿರಿಯರಾದವರು ಬಲ್ಲಿರಿ. ಆತನನ್ನು ಸೇವಕನೆಂದಷ್ಟೇ ಎಣಿಸಿ ನಾವು ಸುಮ್ಮನಾಗಿದ್ದೇವೆ. ಆತನ ಸ್ಥಾನ ಅದಕ್ಕಿಂತ ಹಳೆಯದು.

1909ರಲ್ಲಿ ಪ್ರಕಟವಾದ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಮೈಸೂರು ಸೀಮೆಯ ಪದ್ಧತಿಯೊಂದು ದಾಖಲಾಗಿದೆ. ಊರಿನ ಎಲ್ಲೆಯ ಬಗ್ಗೆ ವ್ಯಾಜ್ಯ ಹುಟ್ಟಿದಾಗ ಹೊಲೆಯರ ಕುಳವಾಡಿಯೇ ಪ್ರಮಾಣ. ಊರ ಮಣ್ಣಿನ ಉಂಡೆಯ ನಡುವೆ ನೀರಿಟ್ಟು, ಅದನ್ನು ತಲೆಯ ಮೇಲೆ ಹೊತ್ತು ಆತನು ಎಲ್ಲೆಯುದ್ದಕ್ಕೂ ನಡೆಯಬೇಕು. ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆ ಉಳಿಯುವುದು, ತಪ್ಪಿದರೆ ಒಡೆಯುವುದು ಎಂಬುದು ನಂಬಿಕೆ. ಗೌಡರಿದ್ದರು, ಲೆಕ್ಕ ಬರೆಯುವವರಿದ್ದರು. ಆದರೂ ಮಣ್ಣಿನ ಉಂಡೆ ಅವರ ತಲೆಗೇರಲಿಲ್ಲ. ಈ ನೆಲವನ್ನು ಮೊದಲು ಬಲ್ಲವರು ಇವರೇ ಎಂಬ ಅರಿವು ಊರಿಗೆ ಇಲ್ಲದಿದ್ದರೆ ಇಂಥ ಅಧಿಕಾರ ಇವರಿಗೆ ಬಂದೀತೆ?

ದೂರದ ಆಸ್ಟ್ರೇಲಿಯದಲ್ಲಿಯೂ ಇಂಥದೇ ಅರಿವು ತಡವಾಗಿ ಮೂಡಿತು. ಅಲ್ಲಿನ ನೆಲ ಬಿಳಿಯರು ಬರುವ ಮೊದಲು ಯಾರದೂ ಅಲ್ಲವೆಂಬ ವಾದವನ್ನು ಉಚ್ಚ ನ್ಯಾಯಾಲಯವು 1992ರ ಮಾಬೊ ತೀರ್ಪಿನಲ್ಲಿ ತಳ್ಳಿಹಾಕಿತು. 2008ರ ಫೆಬ್ರವರಿ 12ರಂದು ಕ್ಯಾನ್ಬೆರಾದಲ್ಲಿ ಸಂಸತ್ತು ಆರಂಭವಾದಾಗ ಮೂಲನಿವಾಸಿ ಹಿರಿಯಳಾದ ಮಟಿಲ್ಡಾ ಹೌಸ್ ಅವರು ಸದಸ್ಯರನ್ನು ತಮ್ಮ ನೆಲಕ್ಕೆ ಬರಮಾಡಿಕೊಂಡರು. ಸಂಸತ್ತಿನ ಆರಂಭದಲ್ಲಿ ಇಂಥ ಸ್ವಾಗತ ಅದೇ ಮೊದಲು. ಅಲ್ಲಿ ತೀರ್ಪು ಮೊದಲು ಬಂದಿತು, ಸಂಸತ್ತಿನ ಸ್ವಾಗತ ಆಮೇಲೆ.

ನಮ್ಮಲ್ಲಿ ಇದು ತಲೆಕೆಳಗು. ಮರ್ಯಾದೆ ತಲೆಮಾರುಗಳಿಂದ ಇತ್ತು. ಮುಂದೆ ನಡೆದವನ ಮನೆ ಮಾತ್ರ ಊರ ಹೊರಗೆ, ಊರ ಬಾವಿ ಅವನಿಗೆ ನಿಷಿದ್ಧ. ಸೇವೆಗೆಂದು ಬಿಟ್ಟ ವತನದ ಹೊಲವೂ ಸೇವೆಯ ಸಂಕೋಲೆಗೆ ಕಟ್ಟಿದ್ದಾಗಿತ್ತು. ಕೊಗನೊಳ್ಳಿಗೆ ಸಮೀಪದ ನಿಪ್ಪಾಣಿಯಲ್ಲಿ 1925ರ ಏಪ್ರಿಲ್‌ನಲ್ಲಿ ಅಸ್ಪೃಶ್ಯರ ಪ್ರಾಂತಿಕ ಪರಿಷತ್ತು ಸೇರಿದಾಗ ಡಾ. ಅಂಬೇಡಕರರು ಬಂದಿದ್ದರು. 1928ರಲ್ಲಿ ಅವರು ಮುಂಬಯಿ ಶಾಸನಸಭೆಯಲ್ಲಿ 1874ರ ವತನ ಕಾಯಿದೆಗೆ ತಿದ್ದುಪಡಿ ಮಂಡಿಸಿದರು. ಬಿಟ್ಟಿ ಚಾಕರಿಯಿಂದ ಬಿಡುಗಡೆ ಸಿಗಬೇಕು, ಭೂಮಿ ಉಳಿಯಬೇಕು ಎಂಬುದು ಅದರ ತಿರುಳು. ಅದು ಆಗ ಫಲಿಸಲಿಲ್ಲ. ವಂಶಪರಂಪರೆಯ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿ, ವತನ ಭೂಮಿಯನ್ನು ಹಿಡುವಳಿದಾರರಿಗೆ ಮರುಮಂಜೂರು ಮಾಡುವ ಕಾಯಿದೆ ನಮ್ಮ ರಾಜ್ಯದಲ್ಲಿ 1961ರಲ್ಲಿ ಆಯಿತು.

ಕಾಯಿದೆಯ ಆ ಹೊಲಗಳು ಎಲ್ಲಿ ಹೋದವು? ಜಾತ್ರೆಯಲ್ಲಿ ಯಾರ ಗಂಟೆ ಮುಂದೆ ಎಂದು ಪಟ್ಟು ಹಿಡಿಯುವ ನಾವು ಇದನ್ನು ಕೇಳುವುದಿಲ್ಲ. ತಮ್ಮ ಊರಿನ ಹಳೆಯ ಉತಾರ ತೆಗೆಸಿ, ಚಲವಾದಿಯ ವತನವೆಂದು ಬರೆದ ಹೊಲ ಇಂದು ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ನೋಡಿರಿ.