ಎರಡು ಝಂಡಾ, ಒಂದು ಕೋಲು

ಆಗಸ್ಟ್ 15 ಬಂದರೆ ಗೋಕಾಕ ಸೀಮೆಯ ಸಾಲಿಮಕ್ಕಳು ಪ್ರಭಾತಫೇರಿ ಹೊರಡುತ್ತಾರೆ. ಜನವರಿ 26ಕ್ಕೂ ಅದೇ ಫೇರಿ, ಅದೇ ಜೈಕಾರ, ಅದೇ ಬುಂದೆ. ಕೇರಿಯಿಂದ ನಾವೂ ಹೋದವರೇ. ಬುಂದೆ ಮಾತ್ರ ನಮ್ಮ ಬೊಗಸೆಗೆ ಮೇಲಿಂದ ಉದುರುತ್ತಿತ್ತು. ಎರಡು ಹಬ್ಬ ಯಾಕೆ ಅಂತ ಯಾರೂ ಹೇಳಲಿಲ್ಲ.

1930ರ ಜನವರಿ 26ರಂದು ಕಾಂಗ್ರೆಸ್ಸು ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿತ್ತು. ಆ ನೆನಪಿಗೆಂದೇ 1950ರಲ್ಲಿ ಅದೇ ದಿನ ಸಂವಿಧಾನ ಜಾರಿಗೆ ಬಂತು. ಆಗಸ್ಟ್ 15 ಬಿಳಿಯರ ಆಳ್ವಿಕೆ ಮುಗಿದ ದಿನ. ಜನವರಿ 26 ಹೊಲೆಯ ಮಾದಿಗರೂ ಸಮಾನ ಪ್ರಜೆಗಳೆಂಬ ಬರಹ ಕಾನೂನಾದ ದಿನ. 17ನೇ ಕಲಮು ಅಸ್ಪೃಶ್ಯತೆಯನ್ನು ರದ್ದು ಮಾಡಿತು.

ಕಾಗದದಲ್ಲಿ ರದ್ದಾಯಿತು. ಚಾವಡಿಯಲ್ಲಿ?

ಗೋಕಾಕ ಆಗ ಮುಂಬಯಿ ರಾಜ್ಯದಲ್ಲಿತ್ತು. ಬ್ರಿಟಿಷರ 1874ರ ವತನ ಕಾನೂನು ಇನ್ನೂ ಉಸಿರಾಡುತ್ತಿತ್ತು. ತುಂಡು ಹೊಲ ತೋರಿಸಿ ಇಡೀ ಮನೆತನವನ್ನು ತಲೆತಲಾಂತರ ಚಾವಡಿಗೆ ಕಟ್ಟುವ ಕಾನೂನು ಅದು. ಗೌಡ ಕುಲಕರ್ಣಿಯರಿಗೂ ವತನವಿತ್ತು. ಅವರದು ದರ್ಬಾರು, ನಮ್ಮದು ಹೊತ್ತುಗೊತ್ತಿಲ್ಲದ ಚಾಕರಿ. ಇದನ್ನು ತಿದ್ದಲು ಅಂಬೇಡ್ಕರರು 1928ರಲ್ಲೇ ಮುಂಬಯಿ ಶಾಸನ ಮಂಡಳಿಯಲ್ಲಿ ಮಸೂದೆ ತಂದರು. ಅದು ಕಾನೂನಾಗಲಿಲ್ಲ.

ನಮ್ಮಜ್ಜ ಹೇಳುತ್ತಿದ್ದ: "ಝಂಡಾ ಏರಿತಪಾ, ಖರೆ. ಚಾವಡಿ ಮುಂದ ಕಸಾ ಹೊಡದವರು ನಾವ. ಝಂಡಾ ಏರಿದ ಮ್ಯಾಲೂ ಕೈಯಾಗಿನ ಚಾಕರಿ ಕೋಲು ಇಳೀಲಿಲ್ಲ."

1956ರ ನವೆಂಬರ್ 1ಕ್ಕೆ ನಮ್ಮ ಸೀಮೆ ಮೈಸೂರು ರಾಜ್ಯ ಸೇರಿತು. ಮೂರನೆಯ ಹಬ್ಬವೂ ಬಂತು, ಕೋಲು ಉಳಿಯಿತು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾನೂನು 1963ರ ಫೆಬ್ರುವರಿ 1ರಂದು ಜಾರಿಯಾದಾಗಲೇ ವತನ ಬಿದ್ದದ್ದು. ಲೆಕ್ಕ ಹಾಕಿ ಗೆಳೆಯರೆ, ಗಣರಾಜ್ಯವಾಗಿ 13 ವರ್ಷ! ಆ ಫೆಬ್ರುವರಿ 1ಕ್ಕೆ ಯಾವ ಸಾಲಿಯಲ್ಲೂ ಬುಂದೆಯಿಲ್ಲ.

ಅಂಬೇಡ್ಕರರಿಗೆ ಇದು ಮೊದಲೇ ಗೊತ್ತಿತ್ತು. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ಈ ಇಬ್ಬಂದಿತನ ಬೇಗ ಹೋಗದಿದ್ದರೆ ನೊಂದವರು ಈ ಪ್ರಜಾಪ್ರಭುತ್ವವನ್ನೇ ಒಡೆದಾರು ಎಂದು ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದೇ ಎಚ್ಚರಿಸಿದ್ದರು.

ನಾವು ಝಂಡಾ ಬೇಡವೆನ್ನುವವರಲ್ಲ. ಅದು ನಮ್ಮದೂ ಹೌದು ಎನ್ನುವವರು. ಹಳ್ಳಿಯ ಮಾಸ್ತರರೆ, ಬರುವ ಜನವರಿ 26ಕ್ಕೆ ಕೇರಿಯ ಹುಡುಗಿಯೊಬ್ಬಳನ್ನು ಝಂಡಾಕಟ್ಟೆಯ ಮೇಲೆ ನಿಲ್ಲಿಸಿ 17ನೇ ಕಲಮು ಓದಿಸಿರಿ. ಊರು ಕೇಳಲಿ. ಬುಂದೆ ಆಮೇಲೆ ಹಂಚಿರಿ. ಕೈಗೆ ಕೈ ತಾಗುವಂತೆ ಹಂಚಿರಿ.