ಹಮ್ಮಿಗಿಯ ಮೊಹರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ದತ್ತ ಮಂಡಲವೆನಿಸಿದ ಆ ಪ್ರಾಂತದಲ್ಲಿ ಸುಮಾರು 80 ಮಂದಿ ಪಾಳೆಯಗಾರರು, ಅವರ ಆಶ್ರಯದಲ್ಲಿ ಸುಮಾರು 30,000 ಆಯುಧಪಾಣಿಗಳು ಇದ್ದರು. ಕಲೆಕ್ಟರ್ ಥಾಮಸ್ ಮನ್ರೋ ಅವರ ಬಲವನ್ನು ಮುರಿದನು. ಅವನ ಕಾಠಿಣ್ಯವನ್ನು ಲಂಡನ್ನಿನ ನಿರ್ದೇಶಕರು ಆಕ್ಷೇಪಿಸಿದರು. ಮದರಾಸಿನ ಸರ್ಕಾರ ಸಮರ್ಥಿಸಿತು. ಸೋತವರ ಆಯುಧ ಅಪಾಯ, ಗೆದ್ದವರ ಆಯುಧ ವ್ಯವಸ್ಥೆ ಎಂಬ ಭಾವನೆಯನ್ನು ಮಾತ್ರ ಉಭಯ ಪಕ್ಷದವರೂ ಪ್ರಶ್ನಿಸಲಿಲ್ಲ.

1857ರಲ್ಲಿ ಉತ್ತರದ ದಂಗೆಗೆ ಬೆದರಿದ ಸರ್ಕಾರವು ಪರವಾನಗಿಯಿಲ್ಲದೆ ಯಾರೂ ಆಯುಧವಿರಿಸಿಕೊಳ್ಳಬಾರದೆಂದು ಕಾಯಿದೆ ಮಾಡಿತು. ಒಪ್ಪದ ಹಲಗಲಿಯ ಬೇಡರ ಮೇಲೆ ಆ ವರ್ಷದ ನವೆಂಬರಿನಲ್ಲಿ ಸೈನ್ಯ ಎರಗಿತು. ಸೆರೆಸಿಕ್ಕವರಲ್ಲಿ 19 ಮಂದಿ ಗಲ್ಲಿಗೇರಿದರು. ಆದರೂ ಭಯವು ಆಯುಧಗಳನ್ನೆಲ್ಲ ಹೊರತರಲಿಲ್ಲ. ಹಡಗಲಿ ಸೀಮೆಯ ಎದುರಿಗೆ, ತುಂಗಭದ್ರೆಯ ಆಚೆ ದಡದ ಹಮ್ಮಿಗಿಯಲ್ಲಿ 1858ರ ಮೇ ತಿಂಗಳಲ್ಲಿ ಆಯುಧಗಳ ಸಂಗ್ರಹವೊಂದು ಪತ್ತೆಯಾಯಿತು. ಅಧಿಕಾರಿಗಳು ಅದನ್ನು ಸಾಗಿಸದೆ, ಇದ್ದಲ್ಲಿಯೇ ಮೊಹರು ಮಾಡಿ ಕಾವಲಿಟ್ಟರು. ಮೇ 24ರಂದು ಮುಂಡರಗಿಯ ಭೀಮರಾಯನು ಮೊಹರು ಒಡೆದು ಆಯುಧಗಳನ್ನು ಒಯ್ದನು. ಡಂಬಳದ ಖಜಾನೆ ಲೂಟಿಯಾಯಿತು. ಕೊಪ್ಪಳದ ಕೋಟೆ ಅವನ ವಶವಾಯಿತು. ಬಳ್ಳಾರಿಯಿಂದ ಮೇಜರ್ ಹ್ಯೂಸನ ದಂಡು ಬಂದಿತು. ಜೂನ್ 1ರ ಹೊತ್ತಿಗೆ ಕೋಟೆ ಬಿದ್ದು, ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಮಡಿದಿದ್ದರು. ಅವರ ಧೈರ್ಯಕ್ಕೆ ನಾಡು ಇಂದಿಗೂ ತಲೆಬಾಗುತ್ತದೆ, ಅದು ಯುಕ್ತವೇ. ಇಲ್ಲಿ ವಿಚಾರಣೀಯವಾದುದು ಆ ಮೊಹರು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು. ಹಿಂಸೆಯ ಸಾಧನವನ್ನು ಪರರಿಗೆ ಒದಗಿಸುವುದೇ ಅಲ್ಲಿಯ ದೋಷ; ಕತ್ತಿಯೊಂದಿಗೆ ಗುದ್ದಲಿ, ಬೆಂಕಿಗಳನ್ನೂ ಅವರು ಬಿಟ್ಟಿಲ್ಲ. ಹಮ್ಮಿಗಿಯ ಅಧಿಕಾರಿ ಆಯುಧವನ್ನು ಕೊಡಲಿಲ್ಲ, ದೊರೆಯುವಂತೆ ಇಟ್ಟನು. ಇದು ದಾನವಲ್ಲವೆಂದು ವಾದಿಸಬಹುದು. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಲ್ಲಿ ಪ್ರಮತ್ತಯೋಗವನ್ನೇ ಮುಂದಿಟ್ಟಿದೆ. ಎಚ್ಚರಗೇಡಿಗೆ ಆ ವಾದದ ಮರೆ ಸಿಗದು.

ಈ ಪ್ರಶ್ನೆ 145 ವರ್ಷಗಳ ಬಳಿಕ ಇರಾಕಿನಲ್ಲಿ ಮರಳಿತು. ಬಾಗ್ದಾದಿನ ದಕ್ಷಿಣಕ್ಕಿರುವ ಅಲ್ ಕಾಕಾ ಎಂಬಲ್ಲಿ ತೀಕ್ಷ್ಣ ಸ್ಫೋಟಕಗಳಿಗೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯು ಮೊಹರು ಹಾಕಿತ್ತು. 2003ರ ಮಾರ್ಚಿನಲ್ಲಿ ಅಮೆರಿಕದ ಸೈನ್ಯ ದಂಡೆತ್ತಿ ಬಂದಿತು. ಸುಮಾರು 340 ಟನ್ ಸ್ಫೋಟಕಗಳು ಕಾಣೆಯಾಗಿವೆಯೆಂದು ಇರಾಕಿನ ಅಧಿಕಾರಿಗಳು ತಿಳಿಸಿದುದು 2004ರ ಅಕ್ಟೋಬರಿನಲ್ಲಿ. ಅಮೆರಿಕದಲ್ಲಿ ಆಗ ಚುನಾವಣೆಯ ಕಾಲ. ಕಾಯದೆ ಬಿಟ್ಟುದು ಅಧ್ಯಕ್ಷ ಬುಷ್ ಅವರ ತಪ್ಪೆಂದು ಪ್ರತಿಸ್ಪರ್ಧಿ ಕೆರ್ರಿ ದೂರಿದರು. ಸೈನ್ಯ ತಲಪುವ ಮೊದಲೇ ಅವು ಸಾಗಿಹೋಗಿರಬಹುದೆಂದು ಬುಷ್ ಪಕ್ಷದವರು ಉತ್ತರಿಸಿದರು. ದಂಡಯಾತ್ರೆಗೆ ಕೆಲವೇ ದಿನಗಳ ಮುಂಚೆ ಪರೀಕ್ಷಕರು ನೋಡಿದಾಗ ಮೊಹರುಗಳು ಮಾತ್ರ ಇದ್ದಂತೆಯೇ ಇದ್ದವು.